ಮೀಟಿಂಗ್‌ನಲ್ಲಿ ಮೊದಲು ಚೀಟಿ, ಆಮೇಲೆ ಮಾತು

ಪ್ರಶ್ನೆ: ನಮ್ಮದು ಬೆಂಗಳೂರಿನ ಹೊರವಲಯದ ಅಪಾರ್ಟ್‌ಮೆಂಟ್. ಮೂರು ಬ್ಲಾಕ್, 96 ಮನೆ. ಈ ವರ್ಷ ನಾನು ಅಸೋಸಿಯೇಷನ್ ಕಾರ್ಯದರ್ಶಿ. ಬೇಸಿಗೆ ಬಂದರೆ ಮೇಂಟೆನೆನ್ಸ್ ದುಡ್ಡೆಲ್ಲ ಟ್ಯಾಂಕರ್ ನೀರಿಗೇ ಹೋಗುತ್ತದೆ. ಹೊಸ ಬೋರ್‌ವೆಲ್ ಕೊರೆಸಿ ಅಂತ ಕೆಲವರು, ಮನೆಮನೆಗೂ ಮೀಟರ್ ಹಾಕಿ ಅಂತ ಕೆಲವರು, ಕಾವೇರಿ ಸಂಪರ್ಕಕ್ಕೆ ದುಡ್ಡು ಕಟ್ಟಿ ಅಂತ ಇನ್ನು ಕೆಲವರು. ಎರಡು ಮೀಟಿಂಗ್ ಆಯಿತು, ಎರಡೂ ಪಾರ್ಕಿಂಗ್ ಜಗಳದಲ್ಲಿ ಮುಗಿದವು. ಇಬ್ಬರು ಹಿರಿಯರೇ ಮಾತಾಡುತ್ತಾರೆ. ಉಳಿದವರು ಸುಮ್ಮನೆ ಕೂತು ಎದ್ದು ಹೋಗಿ, ರಾತ್ರಿ ವಾಟ್ಸಾಪ್‌ನಲ್ಲಿ ಸಿಟ್ಟು ತೀರಿಸಿಕೊಳ್ಳುತ್ತಾರೆ. ನಮ್ಮಲ್ಲೊಬ್ಬರು ಆಫೀಸಿನಲ್ಲಿ ‘ಆರು ಟೋಪಿ’ ತರಬೇತಿ ಪಡೆದಿದ್ದಾರೆ, ಒಂದೇ ವಿಷಯವನ್ನು ಆರು ಬಣ್ಣದ ಟೋಪಿಗಳ ಹೆಸರಿನಲ್ಲಿ ಆರು ಕೋನದಿಂದ ನೋಡುವ ವಿಧಾನವಂತೆ. ಅದನ್ನು ನಮ್ಮ ಸಭೆಯಲ್ಲಿ ಬಳಸಬಹುದಾ? ಬೇರೆ ಒಳ್ಳೆಯ ವಿಧಾನ ಇದೆಯಾ?

ಉತ್ತರ: ಬಳಸಬಹುದು, ಆದರೆ ಮೊದಲಿಗೇ ಅಲ್ಲ. ಟೋಪಿಗಳಿಗೂ ಮುಂಚೆ ಮಾಡಬೇಕಾದ ಎರಡು ಮೂರು ಕೆಲಸಗಳಿವೆ. ಅವು ಆಗದೆ ಟೋಪಿ ಹಾಕಿಸಿದರೆ ಇದೇ ಜಗಳ ಆರು ಬಣ್ಣದಲ್ಲಿ ನಡೆಯುತ್ತದೆ, ಅಷ್ಟೇ.

ನಿಮ್ಮ ಪತ್ರ ಓದಿದರೆ ಗೊತ್ತಾಗುತ್ತದೆ: ನಿಮ್ಮ ಮೀಟಿಂಗ್‌ನಲ್ಲಿ ಮೂರು ಬೇರೆ ಬೇರೆ ಕೆಲಸಗಳು ಒಟ್ಟಿಗೇ ನಡೆಯುತ್ತಿವೆ. ತೊಂದರೆ ಏನು ಅಂತ ಹುಡುಕುವುದು ಒಂದು. ಏನೇನು ಮಾಡಬಹುದು ಅಂತ ಯೋಚಿಸುವುದು ಇನ್ನೊಂದು. ಅದರಲ್ಲಿ ಒಂದನ್ನು ಆರಿಸುವುದು ಮೂರನೆಯದು. ಒಬ್ಬರು ಮೀಟರ್ ಬಗ್ಗೆ ಬಾಯಿ ತೆರೆಯುವಷ್ಟರಲ್ಲಿ ಇನ್ನೊಬ್ಬರು ‘ಅದು ಆಗೋದಿಲ್ಲ ಬಿಡಿ’ ಅನ್ನುತ್ತಾರೆ, ಮತ್ತೊಬ್ಬರು ‘ಹೋದ ವರ್ಷ ಯಾರು ತಡೆದದ್ದು?’ ಅಂತ ಶುರು ಮಾಡುತ್ತಾರೆ. ಇವರಲ್ಲಿ ಯಾರೂ ಕೆಟ್ಟವರಲ್ಲ. ಮೂವರೂ ಮೂರು ಬೇರೆ ಮೀಟಿಂಗ್‌ನಲ್ಲಿ ಕೂತಿದ್ದಾರೆ, ಅಷ್ಟೇ. ನನಗೆ ಗೊತ್ತಿರುವ ಎಲ್ಲ ವಿಧಾನಗಳೂ, ಹೆಸರು ಏನೇ ಇರಲಿ, ಮಾಡುವುದು ಒಂದೇ ಕೆಲಸ: ಈ ಮೂರನ್ನು ಬಿಡಿಸಿ, ಒಂದಾದ ಮೇಲೆ ಒಂದರಂತೆ ನಡೆಸುವುದು.

ಮೊದಲು ನೀವು ಕಳಿಸಿದ ಮೀಟಿಂಗ್ ನೋಟಿಸ್ ತೆಗೆದು ನೋಡಿ. ‘ಹೊಸ ಬೋರ್‌ವೆಲ್ ಕೊರೆಸುವ ಬಗ್ಗೆ ಚರ್ಚೆ’ ಅಂತ ಇದೆಯಾ? ಹಾಗಿದ್ದರೆ ಪ್ರಶ್ನೆಯೊಳಗೇ ಉತ್ತರ ಕೂತಿದೆ. ಬೋರ್‌ವೆಲ್ ಬೇಕು ಅನ್ನುವವರು, ಬೇಡ ಅನ್ನುವವರು ಅಂತ ಎರಡು ಗುಂಪು ಬಾಗಿಲಲ್ಲೇ ಆಗಿಹೋಗುತ್ತದೆ. ‘ನೀರಿನ ಸಮಸ್ಯೆ’ ಅಂತ ಬರೆದರೂ ಪ್ರಯೋಜನ ಇಲ್ಲ, ಅದು ಪ್ರಶ್ನೆಯೇ ಅಲ್ಲ. ‘ಮುಂದಿನ ಮಾರ್ಚ್‌ನಿಂದ ಮೇವರೆಗೆ ಟ್ಯಾಂಕರ್ ಖರ್ಚನ್ನು ಅರ್ಧಕ್ಕೆ ಇಳಿಸಲು ನಾವು ಏನೇನು ಮಾಡಬಹುದು?’ ಅಂತ ಬರೆದು ನೋಡಿ. ಇದರಲ್ಲಿ ಗಡುವಿದೆ, ಅಳತೆ ಇದೆ, ಬಾಗಿಲೂ ತೆರೆದಿದೆ. ಈ ಒಂದು ಸಾಲಿಗೆ ಸಮಿತಿಯವರು ಒಂದು ಸಂಜೆ ಪೂರ್ತಿ ಕೂತರೂ ನಷ್ಟ ಇಲ್ಲ.

ಪಾರ್ಕಿಂಗ್ ಜಗಳದ ಬಗ್ಗೆ ಬೇಜಾರು ಮಾಡಿಕೊಳ್ಳಬೇಡಿ, ಅದು ಲೋಕರೂಢಿ. ಬ್ರಿಟನ್ನಿನ ಲೇಖಕ ಪಾರ್ಕಿನ್ಸನ್ 1957ರಲ್ಲೇ ಇದನ್ನು ತಮಾಷೆಯಾಗಿ ಬರೆದಿದ್ದರು. ಅವರು ಕಲ್ಪಿಸಿದ ಸಮಿತಿ ಒಂದು ಕೋಟಿ ಪೌಂಡಿನ ಅಣುಸ್ಥಾವರವನ್ನು ಎರಡೂವರೆ ನಿಮಿಷದಲ್ಲಿ ಪಾಸು ಮಾಡಿ, ಸೈಕಲ್ ಶೆಡ್ಡಿನ ಬಗ್ಗೆ ಮುಕ್ಕಾಲು ಗಂಟೆ ವಾದ ಮಾಡುತ್ತದೆ. ಅಣುಸ್ಥಾವರ ಯಾರಿಗೂ ಅರ್ಥ ಆಗುವುದಿಲ್ಲ, ಸೈಕಲ್ ಶೆಡ್ಡು ಎಲ್ಲರಿಗೂ ಗೊತ್ತು. ನಿಮ್ಮಲ್ಲೂ ಅಷ್ಟೇ. ಬೋರ್‌ವೆಲ್ ಎಷ್ಟು ಅಡಿ ಕೊರೆಯಬೇಕು ಅಂತ ಮಾತಾಡಲು ಎಲ್ಲರಿಗೂ ಧೈರ್ಯ ಸಾಲುವುದಿಲ್ಲ. ಪಕ್ಕದ ಮನೆಯವರ ಎರಡನೇ ಕಾರಿನ ಬಗ್ಗೆ ಧಾರಾಳವಾಗಿ ಮಾತಾಡಬಹುದು. ಔಷಧಿ ಸುಲಭ. ಗೋಡೆಗೆ ಒಂದು ದೊಡ್ಡ ಹಾಳೆ ಅಂಟಿಸಿ, ಮೇಲೆ ‘ಇವತ್ತಿನದಲ್ಲದ ವಿಷಯ’ ಅಂತ ಬರೆಯಿರಿ. ಪಾರ್ಕಿಂಗ್ ಮಾತು ಬಂದಾಗ, ಹೇಳಿದವರ ಎದುರಿಗೇ ಅದನ್ನು ಆ ಹಾಳೆಗೆ ಬರೆದು ಮುಂದೆ ಹೋಗಿ. ಬರೆದದ್ದು ಕಣ್ಣಿಗೆ ಕಂಡರೆ ಜನ ಸಮಾಧಾನ ಆಗುತ್ತಾರೆ.

ಈಗ ಲೆಕ್ಕಕ್ಕೆ ಬರೋಣ. ನಿಮ್ಮ ವಿಷಯದಲ್ಲಿ ಅರ್ಧ ಜಗಳ ಇಲ್ಲೇ ಮುಗಿಯಬಹುದು.

ನಗರಗಳಲ್ಲಿ ಒಬ್ಬರಿಗೆ ದಿನಕ್ಕೆ 135 ಲೀಟರ್ ಅನ್ನುವುದು ನಮ್ಮ ದೇಶದಲ್ಲಿ ನೀರು ಸರಬರಾಜಿಗೆ ಇಟ್ಟುಕೊಂಡಿರುವ ಮಾನದಂಡ. ಒಂದು ಮನೆಗೆ ಸರಾಸರಿ ಮೂರೂವರೆ ಜನ ಅಂದುಕೊಳ್ಳಿ. 96 ಮನೆಗೆ 336 ಜನ. ದಿನಕ್ಕೆ ಸುಮಾರು 45,000 ಲೀಟರ್. 12,000 ಲೀಟರಿನ ಟ್ಯಾಂಕರ್ ಆದರೆ ನಾಲ್ಕಕ್ಕಿಂತ ಕಡಿಮೆ. ಈಗ ನಿಮ್ಮ ಗೇಟಿನ ರಿಜಿಸ್ಟರ್ ತೆಗೆದು ಹೋದ ಏಪ್ರಿಲ್‌ನಲ್ಲಿ ದಿನಕ್ಕೆ ಎಷ್ಟು ಲೋಡ್ ಬಂತು ಎಣಿಸಿ. ಅದಕ್ಕೆ ಹಳೇ ಬೋರ್‌ವೆಲ್ ಕೊಟ್ಟ ನೀರನ್ನೂ ಸೇರಿಸಿ. ಒಟ್ಟು 45,000ದ ಆಸುಪಾಸಿನಲ್ಲಿದ್ದರೆ ನಿಮಗಿರುವುದು ನೀರಿನ ಮೂಲದ ತೊಂದರೆ. 70,000 ದಾಟಿದ್ದರೆ ಕೊರತೆ ನೀರಿನದಲ್ಲ, ನೀರು ಎಲ್ಲೋ ಹೋಗುತ್ತಿದೆ. ಆಗ ಹೊಸ ಬೋರ್‌ವೆಲ್ ಕೊರೆಸಿದರೂ ಅದು ಅಲ್ಲಿಗೇ ಹೋಗುತ್ತದೆ.

ಎಲ್ಲಿಗೆ ಹೋಗುತ್ತಿದೆ ಅಂತ ಪತ್ತೆ ಮಾಡಲು ಒಂದು ರಾತ್ರಿ ಸಾಕು. ನಡುರಾತ್ರಿ ಒಂದು ಗಂಟೆ ಹೊತ್ತಿಗೆ ಪಂಪ್ ನಿಲ್ಲಿಸಿ, ಓವರ್‌ಹೆಡ್ ಟ್ಯಾಂಕಿನಲ್ಲಿ ನೀರು ಎಲ್ಲಿದೆ ಅಂತ ಗುರುತು ಹಾಕಿಸಿ. ನಾಲ್ಕು ಗಂಟೆಗೆ ಮತ್ತೆ ನೋಡಿಸಿ. ಟ್ಯಾಂಕು ಒಳಗೆ 5 ಮೀಟರ್ ಉದ್ದ, 4 ಮೀಟರ್ ಅಗಲ ಇದ್ದು, ನೀರು 10 ಸೆಂಟಿಮೀಟರ್ ಇಳಿದಿದ್ದರೆ 2,000 ಲೀಟರ್ ಹೋಯಿತು ಅಂತ ಲೆಕ್ಕ. ಆ ಹೊತ್ತಿನಲ್ಲಿ ಯಾರು ಸ್ನಾನ ಮಾಡುತ್ತಾರೆ? ಬಹಳ ಕಡೆ ಕಳ್ಳ ಸಿಕ್ಕುವುದು ಫ್ಲಶ್ ಟ್ಯಾಂಕಿನಲ್ಲಿ. ಒಳಗಿನ ರಬ್ಬರ್ ಸವೆದು ನೀರು ಸದ್ದಿಲ್ಲದೆ ಜಾರುತ್ತಾ ಇರುತ್ತದೆ. ಫ್ಲಶ್ ಟ್ಯಾಂಕಿಗೆ ಸ್ವಲ್ಪ ತಿಂಡಿಗೆ ಹಾಕುವ ಬಣ್ಣ ಹಾಕಿ, ಫ್ಲಶ್ ಮಾಡದೆ ಇಪ್ಪತ್ತು ನಿಮಿಷ ಬಿಟ್ಟು ನೋಡಿ. ಕಮೋಡಿನಲ್ಲಿ ಬಣ್ಣ ಕಂಡರೆ ಸೋರಿಕೆ ಖಚಿತ.

ಇದೆಲ್ಲ ಪ್ಲಂಬಿಂಗ್ ಆಯಿತು, ಯೋಚನಾ ವಿಧಾನ ಎಲ್ಲಿ ಅಂತ ಕೇಳಬಹುದು. ಇದೇ ಅದು. ಟೊಯೊಟಾ ಕಾರ್ಖಾನೆಯಲ್ಲಿ ತಯೀಚಿ ಓನೊ ಕಲಿಸುತ್ತಿದ್ದ ‘ಐದು ಸಲ ಯಾಕೆ’ ಅನ್ನುವ ಪದ್ಧತಿಯ ತಿರುಳೂ ಇದೇ. ಟ್ಯಾಂಕರ್ ಯಾಕೆ ಜಾಸ್ತಿ? ಸಂಪು ಬೇಗ ಖಾಲಿ ಆಗುತ್ತದೆ. ಯಾಕೆ? ಪಂಪ್ ರಾತ್ರಿಯೂ ಓಡುತ್ತದೆ. ಯಾಕೆ? ಬಿ ಬ್ಲಾಕ್ ಟ್ಯಾಂಕಿನ ಫ್ಲೋಟ್ ವಾಲ್ವ್ ಕೆಟ್ಟು, ತುಂಬಿದ ಮೇಲೂ ನೀರು ಏರುತ್ತದೆ. ಯಾಕೆ ಯಾರೂ ನೋಡಲಿಲ್ಲ? ಉಕ್ಕಿದ ನೀರು ಮಳೆನೀರಿನ ಪೈಪಿನಲ್ಲಿ ಇಳಿದು ಮೋರಿ ಸೇರುತ್ತದೆ. ಪ್ರತಿ ‘ಯಾಕೆ’ಗೂ ಯಾರಾದರೂ ಹೋಗಿ ನೋಡಿ ಬಂದು ಉತ್ತರ ಹೇಳಬೇಕು, ಅದು ನಿಯಮ. ಕುರ್ಚಿಯಲ್ಲಿ ಕೂತು ಐದು ಸಲ ‘ಯಾಕೆ’ ಕೇಳಿದರೆ ಕೊನೆಗೆ ಉಳಿಯುವುದು ‘ಜನಕ್ಕೆ ಜವಾಬ್ದಾರಿ ಇಲ್ಲ’ ಅನ್ನುವ ಉತ್ತರ ಮಾತ್ರ. ಅದರಿಂದ ಒಂದು ಲೀಟರ್ ನೀರೂ ಉಳಿಯುವುದಿಲ್ಲ.

ಮೇಲಿನ ಉದಾಹರಣೆಯಲ್ಲಿ ಟ್ಯಾಂಕು ಉಕ್ಕುವುದು ಯಾರಿಗೆ ಗೊತ್ತಿರುತ್ತದೆ ಹೇಳಿ? ರಾತ್ರಿ ಪಾಳಿಯ ಸೆಕ್ಯೂರಿಟಿಯವರಿಗೆ, ಪಂಪ್ ನೋಡಿಕೊಳ್ಳುವವರಿಗೆ. ಅವರು ನಿಮ್ಮ ಮೀಟಿಂಗ್‌ಗೆ ಬರುವುದಿಲ್ಲ. ಬಂದರೂ ಕುರ್ಚಿ ಜೋಡಿಸಿ ಟೀ ಕೊಟ್ಟು ಹೊರಗೆ ನಿಲ್ಲುತ್ತಾರೆ. ಮೀಟಿಂಗ್‌ಗೆ ಮುಂಚೆ ಅವರ ಹತ್ತಿರ ಹೋಗಿ ಅರ್ಧ ಗಂಟೆ ಕೂತು ಕೇಳಿ. ಖಾಯಂ ಪ್ಲಂಬರ್ ಹತ್ತಿರವೂ ಕೇಳಿ. ಯಾವ ಮನೆಗಳಿಂದ ಪದೇ ಪದೇ ಕರೆ ಬರುತ್ತದೆ ಅನ್ನುವುದು ಅವರ ಬಾಯಲ್ಲೇ ಇರುತ್ತದೆ. ಕೇಳಿದ್ದು, ಎಣಿಸಿದ್ದು ಎಲ್ಲವನ್ನೂ ಒಂದೇ ಪುಟದಲ್ಲಿ ಬರೆದು ಎರಡು ದಿನ ಮುಂಚೆ ಎಲ್ಲರಿಗೂ ಕಳಿಸಿ. ಎರಡನೇ ಪುಟ ಯಾರೂ ಓದುವುದಿಲ್ಲ.

ಮಾಹಿತಿ ಹಂಚಿಹೋಗಿರುವುದು ಗುಂಪಿನ ತೀರ್ಮಾನಗಳ ದೊಡ್ಡ ಕಾಯಿಲೆ. 1985ರಲ್ಲಿ ಸ್ಟಾಸರ್ ಮತ್ತು ಟೈಟಸ್ ಎಂಬ ಅಮೆರಿಕದ ಸಂಶೋಧಕರು ಒಂದು ಪ್ರಯೋಗ ಮಾಡಿದರು. ನಾಲ್ಕು ನಾಲ್ಕು ಜನರ ಗುಂಪು, ಮೂವರು ಅಭ್ಯರ್ಥಿಗಳಲ್ಲಿ ಒಬ್ಬರನ್ನು ಆರಿಸಬೇಕು. ಎಲ್ಲರಿಗೂ ಎಲ್ಲ ವಿವರ ಕೊಟ್ಟಾಗ ಹೆಚ್ಚಿನ ಗುಂಪುಗಳು ಒಳ್ಳೆಯ ಅಭ್ಯರ್ಥಿಯನ್ನೇ ಆರಿಸಿದವು. ಅದೇ ವಿವರಗಳನ್ನು ತುಂಡು ಮಾಡಿ, ಕೆಲವನ್ನು ಎಲ್ಲರಿಗೂ, ಕೆಲವನ್ನು ಒಬ್ಬೊಬ್ಬರಿಗೆ ಮಾತ್ರ ಕೊಟ್ಟಾಗ ಕೆಲವೇ ಗುಂಪುಗಳು ಅವನನ್ನು ಆರಿಸಿದವು. ಎಲ್ಲರಿಗೂ ಗೊತ್ತಿದ್ದ ವಿಷಯಗಳ ಸುತ್ತಲೇ ಮಾತು ತಿರುಗಿತು. ಒಬ್ಬರಿಗೆ ಮಾತ್ರ ಗೊತ್ತಿದ್ದದ್ದು ಹೆಚ್ಚಾಗಿ ಹೊರಗೆ ಬರಲಿಲ್ಲ. ನಿಮ್ಮ ಮೀಟಿಂಗ್‌ನಲ್ಲಿ ‘ಟ್ಯಾಂಕರ್ ರೇಟು ಎಷ್ಟು ಏರಿದೆ ನೋಡಿ’ ಅನ್ನುವ ಮಾತು ಎಷ್ಟು ಸಲ ಬರುತ್ತದೆ, ಟ್ಯಾಂಕು ಉಕ್ಕುವ ಮಾತು ಎಷ್ಟು ಸಲ ಬರುತ್ತದೆ, ನೀವೇ ಗಮನಿಸಿ.

ಇದಕ್ಕೆ ನನಗೆ ಗೊತ್ತಿರುವ ಅತಿ ಒಳ್ಳೆಯ ಉಪಾಯ, ಮಾತಾಡುವ ಮುಂಚೆ ಬರೆಸುವುದು. ಒಂದೇ ಒಂದು ವಿಧಾನ ಸಾಕು ಅನ್ನುವುದಾದರೆ ಇದೊಂದನ್ನೇ ಇಟ್ಟುಕೊಳ್ಳಿ, ಉಳಿದದ್ದೆಲ್ಲ ಬಿಟ್ಟರೂ ನಡೆಯುತ್ತದೆ.

ಜನ ಒಟ್ಟಿಗೆ ಕೂತು ಬಾಯಿಗೆ ಬಂದ ಐಡಿಯಾ ಹೇಳುತ್ತಾ ಹೋದರೆ ಜಾಸ್ತಿ ಐಡಿಯಾ ಬರುತ್ತದೆ ಅಂತ ನಾವೆಲ್ಲ ನಂಬಿದ್ದೇವೆ. ಜಾಹೀರಾತು ಕ್ಷೇತ್ರದ ಅಲೆಕ್ಸ್ ಆಸ್ಬಾರ್ನ್ ಬ್ರೈನ್‌ಸ್ಟಾರ್ಮಿಂಗ್ ಹೆಸರಿನಲ್ಲಿ ಇದನ್ನು ಜನಪ್ರಿಯ ಮಾಡಿದರು. 1958ರಲ್ಲಿ ಯೇಲ್ ವಿಶ್ವವಿದ್ಯಾಲಯದಲ್ಲಿ ಇದನ್ನು ಪರೀಕ್ಷೆ ಮಾಡಿ ನೋಡಿದಾಗ ಫಲಿತಾಂಶ ಉಲ್ಟಾ ಬಂತು. ನಾಲ್ಕು ಜನ ಬೇರೆ ಬೇರೆ ಕೂತು ಬರೆದದ್ದನ್ನು ಒಟ್ಟು ಸೇರಿಸಿದರೆ, ಒಟ್ಟಿಗೆ ಕೂತು ಮಾತಾಡಿದ ನಾಲ್ವರಿಗಿಂತ ಹೆಚ್ಚುಕಡಿಮೆ ಎರಡರಷ್ಟು ಐಡಿಯಾ ಇದ್ದವು. ಕಾರಣ ಊಹಿಸುವುದು ಕಷ್ಟ ಇಲ್ಲ. ಒಬ್ಬರು ಮಾತಾಡುವಾಗ ಉಳಿದವರು ಕಾಯಬೇಕು, ಕಾಯುವಷ್ಟರಲ್ಲಿ ಹೊಳೆದದ್ದು ಮರೆತುಹೋಗುತ್ತದೆ. ‘ಹೇಳಿದರೆ ನಗ್ತಾರೇನೋ’ ಅನ್ನುವ ಅಳುಕು ಬೇರೆ.

ಅಳುಕಿನ ಬಗ್ಗೆ ಇನ್ನೂ ಹಳೆಯ ಪ್ರಯೋಗ ಮನಶ್ಶಾಸ್ತ್ರಜ್ಞ ಸಾಲೊಮನ್ ಆಶ್ ಅವರದು, 1951ರ ಹೊತ್ತಿನದು. ಮೂರು ಗೆರೆಗಳಲ್ಲಿ ಯಾವುದು ಬೇರೆಯಾಗಿ ತೋರಿಸಿದ ಒಂದು ಗೆರೆಯಷ್ಟೇ ಉದ್ದ ಇದೆ ಅಂತ ಹೇಳಬೇಕು, ಅಷ್ಟೇ. ಉತ್ತರ ಕಣ್ಣಿಗೆ ಹೊಡೆಯುವಂತೆ ಕಾಣುತ್ತದೆ. ಆದರೆ ಮುಂಚೆ ಹೇಳಿದವರೆಲ್ಲ ಬೇಕಂತಲೇ ತಪ್ಪು ಹೇಳಿದಾಗ, ಸುಮಾರು ಮೂರರಲ್ಲಿ ಒಂದು ಸಲ ಕೊನೆಯವರೂ ಅದೇ ತಪ್ಪು ಉತ್ತರ ಹೇಳಿದರು. ಬಾಯಲ್ಲಿ ಹೇಳುವ ಬದಲು ಚೀಟಿಯಲ್ಲಿ ಬರೆಯಲು ಬಿಟ್ಟಾಗ ಈ ತಪ್ಪು ಬಹಳ ಕಡಿಮೆಯಾಯಿತು. ಗೆರೆಯ ಉದ್ದಕ್ಕೇ ಹೀಗಾದರೆ, ದಿನಾ ಲಿಫ್ಟಿನಲ್ಲಿ ಸಿಗುವ ಹಿರಿಯರ ಮಾತಿಗೆ ಎದುರು ಹೇಳುವುದು ಹೇಗೆ?

ಚೀಟಿ ಪದ್ಧತಿಯನ್ನು ಡೆಲ್ಬೆಕ್ ಮತ್ತು ವ್ಯಾನ್ ಡಿ ವೆನ್ ಎಂಬಿಬ್ಬರು ಸಂಶೋಧಕರು 1970ರ ಆಸುಪಾಸಿನಲ್ಲಿ ಸರಿಯಾದ ವಿಧಾನವಾಗಿ ಕಟ್ಟಿದರು. ನಿಮ್ಮ ಭಾನುವಾರದ ಮೀಟಿಂಗ್‌ಗೆ ಅದನ್ನು ಹೀಗೆ ಹೊಂದಿಸಿಕೊಳ್ಳಿ.

ಐದೈದು ಅಥವಾ ಆರಾರು ಜನರ ಗುಂಪು ಮಾಡಿ, ಮೂರೂ ಬ್ಲಾಕಿನವರು ಬೆರೆಯುವ ಹಾಗೆ. ಗಂಡ ಹೆಂಡತಿ ಇಬ್ಬರೂ ಬಂದಿದ್ದರೆ ಬೇರೆ ಬೇರೆ ಗುಂಪಿಗೆ ಹಾಕಿ. ಇದು ಸಣ್ಣ ವಿಷಯ ಅನ್ನಿಸಬಹುದು, ಆದರೆ ಒಂದೇ ಗುಂಪಿನಲ್ಲಿದ್ದರೆ ಒಬ್ಬರು ಇನ್ನೊಬ್ಬರ ಮುಖ ನೋಡಿ ಸುಮ್ಮನಾಗುತ್ತಾರೆ. ಪ್ರಶ್ನೆಯನ್ನು ದೊಡ್ಡದಾಗಿ ಬರೆದು ಎದುರಿಗೆ ಇಡಿ. ಹತ್ತು ನಿಮಿಷ ಯಾರೂ ಮಾತಾಡುವಂತಿಲ್ಲ. ಪ್ರತಿಯೊಬ್ಬರೂ ತಮಗೆ ಹೊಳೆದದ್ದನ್ನು ಒಂದು ಚೀಟಿಗೆ ಒಂದರಂತೆ ಬರೆಯಲಿ. ಕನ್ನಡ, ಹಿಂದಿ, ತಮಿಳು, ಇಂಗ್ಲಿಷ್ ಯಾವುದಾದರೂ ಸರಿ. ಬರೆಯಲು ಆಗದವರಿದ್ದರೆ ಒಬ್ಬರು ಪಕ್ಕದಲ್ಲಿ ಕೂತು ಮೆಲ್ಲಗೆ ಕೇಳಿ ಬರೆದುಕೊಳ್ಳಲಿ. ಮೊದಲ ಮೂರು ನಿಮಿಷಕ್ಕೆ ಗೊತ್ತಿದ್ದದ್ದೆಲ್ಲ ಖಾಲಿ ಆಗಿ, ಜನ ಪೆನ್ನು ಕಚ್ಚುತ್ತಾ ಆಕಡೆ ಈಕಡೆ ನೋಡುತ್ತಾರೆ. ಆಗ ‘ಆಯ್ತಾ? ಮುಂದೆ ಹೋಗೋಣ’ ಅನ್ನಬೇಡಿ. ಎಲ್ಲರೂ ಹೇಳುವ ಮಾತು ಮುಗಿದ ಮೇಲೆಯೇ ಅಪರೂಪದ್ದು ಬರುವುದು.

ಆಮೇಲೆ ಸುತ್ತು. ಒಬ್ಬೊಬ್ಬರು ಒಂದೊಂದೇ ಚೀಟಿ ಓದಬೇಕು. ಒಂದು ಸುತ್ತು ಮುಗಿದ ಮೇಲೆ ಎರಡನೇ ಚೀಟಿ. ಓದುವಾಗ ಯಾರೂ ‘ಅದು ಆಗೋದಿಲ್ಲ’ ಅನ್ನುವಂತಿಲ್ಲ, ‘ಸೂಪರ್’ ಅನ್ನುವಂತೆಯೂ ಇಲ್ಲ. ಎಲ್ಲವೂ ಹಾಳೆಗೆ ಬರಲಿ, ಹೇಳಿದವರ ಹೆಸರು ಇಲ್ಲದೆ. ಹೆಸರು ಬರೆದರೆ ‘ಅವರ ಐಡಿಯಾ’ ಆಗುತ್ತದೆ, ಆಮೇಲೆ ಅವರು ಅದನ್ನು ಬಿಟ್ಟುಕೊಡುವುದಿಲ್ಲ. ಎಲ್ಲ ಹಾಳೆಗೆ ಬಂದ ಮೇಲೆ, ಅರ್ಥ ಆಗದ್ದನ್ನು ಮಾತ್ರ ಕೇಳಿ ಬಿಡಿಸಿಕೊಳ್ಳಿ. ವಾದಕ್ಕೆ ಇನ್ನೂ ಹೊತ್ತಿದೆ.

ಇನ್ನು ಇಬ್ಬರು ಹಿರಿಯರ ವಿಷಯ. ಅವರನ್ನು ಬಾಯಿ ಮುಚ್ಚಿಸುವ ಯೋಚನೆ ಬೇಡ, ಅದು ಮರ್ಯಾದೆಯೂ ಅಲ್ಲ. ಅವರಿಗೆ ಹಳೆಯದು ಗೊತ್ತಿರುತ್ತದೆ. ಹಿಂದೆ ಯಾವ ಬೋರ್‌ವೆಲ್ ಯಾಕೆ ಬತ್ತಿತು, ಬಿಲ್ಡರ್ ಪೈಪ್ ಎಲ್ಲಿ ಹಾಕಿದ, ಇದೆಲ್ಲ ಬೇಕಾದ ಮಾಹಿತಿ. ಮೀಟಿಂಗ್‌ಗೆ ಮುಂಚೆ ಅವರ ಮನೆಗೆ ಹೋಗಿ, ‘ಅಂಕಲ್, ನೀವು ಮೊದಲೇ ಹೇಳಿಬಿಟ್ಟರೆ ಉಳಿದವರು ನಿಮ್ಮ ಮಾತಿಗೇ ಹೂಂ ಅಂತಾರೆ, ಅವರ ಮನಸ್ಸಿನಲ್ಲಿ ಏನಿದೆ ಅಂತ ನಮಗೆ ಗೊತ್ತೇ ಆಗೋಲ್ಲ. ಈ ಸಲ ನೀವು ಕೊನೆಗೆ ಮಾತಾಡ್ತೀರಾ?’ ಅಂತ ಕೇಳಿ. ಕೊನೆಯ ಮಾತು ಅಂದರೆ ಬೇಡ ಅನ್ನುವ ಹಿರಿಯರು ಕಡಿಮೆ. ಅಧ್ಯಕ್ಷರಿಗೂ ಇದೇ ನಿಯಮ. 1961ರಲ್ಲಿ ಕ್ಯೂಬಾದ ಮೇಲಿನ ದಾಳಿ ಮಣ್ಣುಮುಕ್ಕಿದ ಮೇಲೆ ಅಮೆರಿಕದ ಅಧ್ಯಕ್ಷ ಕೆನಡಿ ಪಾಠ ಕಲಿತರು. ಮುಂದಿನ ವರ್ಷ ಅದೇ ಕ್ಯೂಬಾದಲ್ಲಿ ಸೋವಿಯತ್ ಕ್ಷಿಪಣಿಗಳ ಬಿಕ್ಕಟ್ಟು ಬಂದಾಗ ತಮ್ಮ ಸಲಹೆಗಾರರ ಕೆಲವು ಸಭೆಗಳಿಂದ ಹೊರಗೇ ಉಳಿದರು. ತಾವು ಎದುರಿಗಿದ್ದರೆ ಜನ ತಮಗೆ ಬೇಕಾದದ್ದನ್ನೇ ಹೇಳುತ್ತಾರೆ ಅಂತ ಅವರಿಗೆ ಗೊತ್ತಾಗಿತ್ತು.

ಈಗ ಟೋಪಿಗಳಿಗೆ ಬರೋಣ. ಮಾಲ್ಟಾ ದೇಶದಲ್ಲಿ ಹುಟ್ಟಿದ ವೈದ್ಯ ಎಡ್ವರ್ಡ್ ಡಿ ಬೋನೊ 1985ರಲ್ಲಿ ಇದನ್ನು ಜಗತ್ತಿನ ಮುಂದಿಟ್ಟರು. ಬಿಳಿ ಅಂದರೆ ಬರೀ ಮಾಹಿತಿ. ಕೆಂಪು ಅಂದರೆ ಮನಸ್ಸಿಗೆ ಏನನ್ನಿಸುತ್ತದೆ, ಕಾರಣ ಕೊಡಬೇಕಾಗಿಲ್ಲ. ಕಪ್ಪು ಅಪಾಯಕ್ಕೆ, ಹಳದಿ ಲಾಭಕ್ಕೆ, ಹಸಿರು ಹೊಸ ದಾರಿಗೆ. ನೀಲಿ ಮೀಟಿಂಗ್ ನಡೆಸುವವರದು. ನಿಜವಾದ ಟೋಪಿ ಬೇಕಾಗಿಲ್ಲ. ಇದರ ಜೀವ ಇರುವುದು ಒಂದೇ ನಿಯಮದಲ್ಲಿ: ಒಂದು ಹೊತ್ತಿನಲ್ಲಿ ಎಲ್ಲರೂ ಒಂದೇ ಬಣ್ಣ. ನಮ್ಮ ಕಡೆ ತರಬೇತಿಗಳಲ್ಲಿ ಆಗಾಗ ನೋಡುವ ತಪ್ಪು ಏನೆಂದರೆ, ಒಬ್ಬೊಬ್ಬರಿಗೆ ಒಂದೊಂದು ಬಣ್ಣ ಹಂಚುವುದು. ‘ನೀವು ಕಪ್ಪು, ನೀವು ಹಳದಿ.’ ಆಗ ಮೊದಲೇ ಗೊಣಗುವವರಿಗೆ ಗೊಣಗಲು ಪರವಾನಗಿ ಸಿಕ್ಕಿದ ಹಾಗಾಗುತ್ತದೆ. ಮೀಟರ್ ಬೇಡ ಅನ್ನುವವರೂ ಐದು ನಿಮಿಷ ಕೂತು ಮೀಟರಿನಿಂದ ಏನು ಲಾಭ ಅಂತ ಹುಡುಕಬೇಕು, ಬೇಕು ಅನ್ನುವವರೂ ಅಪಾಯ ಹೇಳಬೇಕು. ಅಲ್ಲೇ ಅದರ ಶಕ್ತಿ.

ಹೀಗೆ ಮಾಡಿದಾಗ ಏನು ಹೊರಗೆ ಬರುತ್ತದೆ ಅಂತ ಒಂದು ಉದಾಹರಣೆ. ಮನೆಗೊಂದು ಮೀಟರ್, 96 ಮೀಟರ್, ಮುಗೀತು ಅಂತ ಹಳದಿ ಹೊತ್ತಿನಲ್ಲಿ ಎಲ್ಲರೂ ಖುಷಿಯಾಗಿರುತ್ತಾರೆ. ಕಪ್ಪು ಹೊತ್ತಿನಲ್ಲಿ ಯಾರಾದರೂ ಕೇಳುತ್ತಾರೆ: ನಮ್ಮ ಮನೆಗೆ ನೀರು ಒಂದೇ ಪೈಪಿನಲ್ಲಿ ಬರುತ್ತದಾ? ಬಹಳ ಅಪಾರ್ಟ್‌ಮೆಂಟ್‌ಗಳಲ್ಲಿ ಬರುವುದಿಲ್ಲ. ಪ್ರತಿ ಬಾತ್‌ರೂಮಿಗೂ, ಅಡುಗೆಮನೆಗೂ ಬೇರೆ ಬೇರೆ ಡಕ್ಟಿನಿಂದ ಪೈಪ್ ಇಳಿದಿರುತ್ತದೆ. ಒಂದು ಮನೆಗೆ ಮೂರೋ ನಾಲ್ಕೋ ಮೀಟರ್ ಬೇಕಾಗುತ್ತದೆ, ಖರ್ಚಿನ ಅಂದಾಜು ಅಲ್ಲೇ ತಲೆಕೆಳಗಾಗುತ್ತದೆ. ಇದರಿಂದ ಮೀಟರ್ ಬೇಡ ಅಂತೇನೂ ಆಗುವುದಿಲ್ಲ. ಕೊಟೇಶನ್ ತರಿಸುವ ಮುಂಚೆ ಡಕ್ಟಿಗೆ ಇಳಿದು ಪೈಪ್ ಎಣಿಸಬೇಕು, ಅಷ್ಟೇ.

ಕೆಂಪು ಬಣ್ಣವನ್ನು ‘ಆಫೀಸಿನವರ ಆಟ’ ಅಂತ ಬಿಡಬೇಡಿ. ಒಬ್ಬರಿಗೆ ಮೂವತ್ತು ಸೆಕೆಂಡ್ ಸಾಕು. ‘ಮೀಟರ್ ಅಂದರೆ ನಮ್ಮ ಮನೆಗೆ ನೆಂಟರು ಬಂದದ್ದನ್ನೂ ಲೆಕ್ಕ ಹಾಕ್ತೀರಿ ಅನ್ನಿಸುತ್ತೆ’ ಅಂತ ಒಬ್ಬರು ಹೇಳಿದರೆ, ಎರಡು ಮೀಟಿಂಗ್‌ನಲ್ಲಿ ಅವರು ಹೇಳಿದ ತಾಂತ್ರಿಕ ಕಾರಣಗಳ ಹಿಂದೆ ಇದ್ದದ್ದು ಏನು ಅಂತ ಗೊತ್ತಾಗುತ್ತದೆ.

ಟೋಪಿ ವಿಧಾನದ ಮೇಲೆ ನನಗೆ ಒಂದು ತಕರಾರೂ ಇದೆ. ಅದಕ್ಕಿರುವ ಹೆಸರಿಗೆ ತಕ್ಕಷ್ಟು ಗಟ್ಟಿ ಸಂಶೋಧನೆ ಅದರ ಹಿಂದೆ ಇಲ್ಲ. ಚೀಟಿ ಪದ್ಧತಿಗೆ ಇರುವ ಆಧಾರ ಇದಕ್ಕಿಂತ ಗಟ್ಟಿ. ಎಂಟು ಹತ್ತು ಜನರ ಸಮಿತಿಯಲ್ಲಿ ಟೋಪಿ ಚೆನ್ನಾಗಿ ನಡೆಯುತ್ತದೆ, ಐವತ್ತು ಜನರ ಸಭೆಯಲ್ಲಿ ಸಂತೆ ಆಗುತ್ತದೆ. ಹಾಗಾಗಿ ಭಾನುವಾರ ಎಲ್ಲರಿಂದ ಚೀಟಿ ತಗೊಳ್ಳಿ. ಟೋಪಿಗಳನ್ನು ಮುಂದಿನ ವಾರ ಸಮಿತಿಯಲ್ಲಿ, ಚೀಟಿಗಳಿಂದ ಆರಿಸಿಕೊಂಡ ಮೂರು ನಾಲ್ಕು ಆಯ್ಕೆಗಳ ಮೇಲೆ ಮಾತ್ರ ಬಳಸಿ.

ಆರಿಸುವ ಹಂತದಲ್ಲಿ ಅಂಕ ಕೊಡುವ ಪಟ್ಟಿ ಮಾಡುವುದು ಈಗ ಎಲ್ಲರಿಗೂ ಅಭ್ಯಾಸ. ಖರ್ಚಿಗೆ ಇಷ್ಟು, ಬೇಗ ಆಗುವುದಕ್ಕೆ ಇಷ್ಟು, ಎಷ್ಟು ವರ್ಷ ಬಾಳುತ್ತದೆ ಅನ್ನುವುದಕ್ಕೆ ಇಷ್ಟು. ಪಟ್ಟಿ ಒಳ್ಳೆಯದೇ, ಒಂದು ಎಚ್ಚರ ಇದ್ದರೆ. ಯಾವುದಕ್ಕೆ ಎಷ್ಟು ತೂಕ ಅನ್ನುವುದನ್ನು, ಆಯ್ಕೆಗಳಿಗೆ ಅಂಕ ಹಾಕುವ ಮುಂಚೆಯೇ ನಿರ್ಧಾರ ಮಾಡಿ ಸಹಿ ಹಾಕಿಬಿಡಿ. ಇಲ್ಲದಿದ್ದರೆ ಎಕ್ಸೆಲ್ ಗೊತ್ತಿರುವವರು ತಮಗೆ ಬೇಕಾದದ್ದು ಮೇಲೆ ಬರುವವರೆಗೂ ತೂಕ ತಿದ್ದುತ್ತಾರೆ. ಕೆಲವರಿಗೆ ತಾವು ಹಾಗೆ ಮಾಡುತ್ತಿದ್ದೇವೆ ಅಂತ ಗೊತ್ತೂ ಆಗುವುದಿಲ್ಲ.

ಕೈ ಎತ್ತಿಸಿ ಓಟು ಹಾಕಿಸುವುದರಲ್ಲೂ ಒಂದು ಗುಂಡಿ ಇದೆ. ಫ್ರಾನ್ಸಿನ ಗಣಿತಜ್ಞ ಕೊಂಡೋರ್ಸೆ 1785ರಲ್ಲೇ ಅದನ್ನು ತೋರಿಸಿದ್ದರು. ನಿಮ್ಮ ಮೂರು ಬ್ಲಾಕಿನಲ್ಲಿ 32 ಮನೆಗಳಂತೆ ಇವೆ ಅಂದುಕೊಳ್ಳಿ. ಎ ಬ್ಲಾಕಿಗೆ ಮೊದಲು ಬೋರ್‌ವೆಲ್, ಆಮೇಲೆ ಮೀಟರ್, ಕೊನೆಗೆ ಕಾವೇರಿ. ಬಿ ಬ್ಲಾಕಿಗೆ ಮೀಟರ್, ಕಾವೇರಿ, ಬೋರ್‌ವೆಲ್. ಸಿ ಬ್ಲಾಕಿಗೆ ಕಾವೇರಿ, ಬೋರ್‌ವೆಲ್, ಮೀಟರ್. ಬೋರ್‌ವೆಲ್ಲೋ ಮೀಟರೋ ಅಂತ ಕೇಳಿದರೆ 64 ಮನೆ ಬೋರ್‌ವೆಲ್ ಅನ್ನುತ್ತವೆ. ಮೀಟರೋ ಕಾವೇರಿಯೋ ಅಂದರೆ 64 ಮನೆ ಮೀಟರ್ ಕಡೆ. ಹಾಗಾದರೆ ಬೋರ್‌ವೆಲ್ಲೇ ಗೆದ್ದಿತು ಅಲ್ವಾ? ಇಲ್ಲ. ಕಾವೇರಿಯೋ ಬೋರ್‌ವೆಲ್ಲೋ ಅಂತ ಕೇಳಿದರೆ 64 ಮನೆ ಕಾವೇರಿ ಅನ್ನುತ್ತವೆ. ಎರಡೆರಡಾಗಿ ಓಟು ಹಾಕಿಸುತ್ತಾ ಹೋದರೆ ಕೊನೆಗೆ ಕಣಕ್ಕೆ ಇಳಿದದ್ದೇ ಗೆಲ್ಲುತ್ತದೆ. ಅಂದರೆ ತೀರ್ಮಾನ ಮಾಡಿದ್ದು ಸಭೆ ಅಲ್ಲ, ಓಟಿನ ಕ್ರಮ ಗೊತ್ತು ಮಾಡಿದ ಕಾರ್ಯದರ್ಶಿ. ಅದಕ್ಕೇ ಎಲ್ಲ ಆಯ್ಕೆಗಳನ್ನೂ ಒಟ್ಟಿಗೆ ಹಾಳೆಯಲ್ಲಿಟ್ಟು, ‘ಇದು ನನಗೆ ನಡೆಯುತ್ತದೆ’ ಅನ್ನುವ ಪ್ರತಿಯೊಂದಕ್ಕೂ ಟಿಕ್ ಹಾಕಿ ಅಂತ ಹೇಳಿ. ಎಷ್ಟು ಬೇಕಾದರೂ ಟಿಕ್ ಹಾಕಬಹುದು. ಹೆಚ್ಚು ಟಿಕ್ ಬಂದದ್ದು ಹೆಚ್ಚು ಜನರಿಗೆ ಒಪ್ಪಿಗೆ ಇರುವಂಥದ್ದು. ಅದು ಯಾರೊಬ್ಬರ ಮೊದಲ ಆಯ್ಕೆ ಆಗದೆಯೂ ಇರಬಹುದು, ಪರವಾಗಿಲ್ಲ.

ಇನ್ನೊಂದು ಮಾತು. ಈ ಮೂರೂ ಒಂದಕ್ಕೊಂದು ಎದುರು ಅಂತ ಯಾರು ಹೇಳಿದರು? ಸೋರಿಕೆ ನಿಲ್ಲಿಸುವುದು, ನಲ್ಲಿಗೆ ಏರೇಟರ್ (ನೀರಿನ ಹರಿವು ಕಡಿಮೆ ಮಾಡುವ ಸಣ್ಣ ಜಾಲರಿ) ಹಾಕುವುದು ಕಡಿಮೆ ಖರ್ಚಿನ ಕೆಲಸ, ಬೇಡವಾದರೆ ಬಿಡಬಹುದು. ಅದನ್ನು ಒಂದು ಬ್ಲಾಕಿನಲ್ಲಿ ಒಂದು ತಿಂಗಳು ಮಾಡಿ ನೋಡಲು ಸಾಮಾನ್ಯ ಸಭೆಯ ವಾದ ಬೇಕಿಲ್ಲ. ಕಾವೇರಿ ಐದನೇ ಹಂತ 2024ರ ಅಕ್ಟೋಬರ್‌ನಲ್ಲಿ ಶುರುವಾಯಿತು. ದಿನಕ್ಕೆ 77.5 ಕೋಟಿ ಲೀಟರ್, ನಗರಕ್ಕೆ ಸೇರಿದ 110 ಹಳ್ಳಿಗಳ ವ್ಯಾಪ್ತಿಗೆ. ನಿಮ್ಮ ಬೀದಿಗೆ ಕೊಳವೆ ಬಂದಿದೆಯಾ, ಪ್ರೊ ರೇಟಾ ಶುಲ್ಕ (ಕಟ್ಟಡದ ವಿಸ್ತೀರ್ಣಕ್ಕೆ ತಕ್ಕಂತೆ ಕಟ್ಟುವ ಸಂಪರ್ಕ ಶುಲ್ಕ) ಎಷ್ಟಾಗುತ್ತದೆ ಅಂತ ಜಲಮಂಡಳಿಯಲ್ಲಿ ವಿಚಾರಿಸಲೂ ಓಟು ಬೇಡ, ಒಬ್ಬರು ಹೋಗಿ ಕೇಳಿ ಬಂದರೆ ಆಯಿತು. ಬೋರ್‌ವೆಲ್ ಹಾಗಲ್ಲ. ಕೊರೆದ ಮೇಲೆ ನೀರು ಬರಲಿಲ್ಲ ಅಂದರೆ ದುಡ್ಡು ವಾಪಸ್ ಬರುವುದಿಲ್ಲ. ಹಿಂದೆ ಬರಲಾಗದ ತೀರ್ಮಾನಕ್ಕೆ ಮಾತ್ರ ಇಷ್ಟೆಲ್ಲ ಕಸರತ್ತು ಬೇಕು.

ಅಂಥ ತೀರ್ಮಾನಕ್ಕೆ ಸಹಿ ಹಾಕುವ ಹಿಂದಿನ ದಿನ ಒಂದು ಕೆಲಸ ಮಾಡಿ. ಅಮೆರಿಕದ ಮನಶ್ಶಾಸ್ತ್ರಜ್ಞ ಗ್ಯಾರಿ ಕ್ಲೈನ್ ಇದನ್ನು ‘ಪ್ರಿಮಾರ್ಟಮ್’ ಅಂತ ಕರೆಯುತ್ತಾರೆ. ಸಮಿತಿಯವರಿಗೆ ಹೀಗೆ ಹೇಳಿ: ‘ಮುಂದಿನ ಏಪ್ರಿಲ್ ಬಂದಿದೆ. ಬೋರ್‌ವೆಲ್ ಕೊರೆಸಿದ್ದೇವೆ. ಪೂರ್ತಿ ಕೈಕೊಟ್ಟಿದೆ. ಏನಾಯಿತು ಅಂತ ಬರೆಯಿರಿ.’ ‘ಏನು ತಪ್ಪಾಗಬಹುದು?’ ಅಂತ ಕೇಳಿದರೆ ಜನ ಸಂಕೋಚ ಪಡುತ್ತಾರೆ, ಅಪಶಕುನ ನುಡಿದ ಹಾಗೆ. ಆಗಿಹೋಗಿದೆ ಅಂದಾಗ ಕಾರಣಗಳು ಸರಾಗ ಬರುತ್ತವೆ. ಪಾಯಿಂಟ್ ತೋರಿಸಿದವರ ಮಾತು ನಂಬಿ ಕೊರೆಸಿದೆವು. ಅನುಮತಿ ಸಿಗುವುದಕ್ಕೆ ಮುಂಚೆ ಮುಂಗಡ ಕೊಟ್ಟೆವು. ನೀರು ಸಿಕ್ಕಿತು, ಆದರೆ ಗಡಸು ಜಾಸ್ತಿ, ಗೀಸರ್‌ಗಳೆಲ್ಲ ಕೆಟ್ಟವು. ಪಕ್ಕದ ಲೇಔಟಿನವರೂ ಕೊರೆಸಿದರು, ನಮ್ಮದು ಬತ್ತಿತು. ಇದರಲ್ಲಿ ಎರಡು ಮೂರಕ್ಕಾದರೂ ಈಗಲೇ ಬಂದೋಬಸ್ತು ಮಾಡಬಹುದು.

ಕೊನೆಯ ತೀರ್ಮಾನ ಯಾರದು ಅನ್ನುವುದನ್ನು ಮೀಟಿಂಗ್ ಶುರುವಾದ ಐದೇ ನಿಮಿಷದಲ್ಲಿ ಹೇಳಿಬಿಡಿ. ಸಮಿತಿಗೆ ಎಷ್ಟು ರೂಪಾಯಿವರೆಗೆ ಅಧಿಕಾರ ಇದೆ, ಸಾಮಾನ್ಯ ಸಭೆಗೆ ಏನು ಹೋಗಬೇಕು, ಕೋರಂ ಎಷ್ಟು, ಬಾಡಿಗೆದಾರರು ಓಟು ಹಾಕಬಹುದಾ, ಇದೆಲ್ಲ ನಿಮ್ಮ ಬೈಲಾದಲ್ಲಿರುತ್ತದೆ. ಓಟು ಇಲ್ಲದಿದ್ದರೂ ಬಾಡಿಗೆದಾರರಿಂದ ಚೀಟಿ ತಗೊಳ್ಳಿ, ದಿನಾ ನೀರು ಬಳಸುವವರು ಅವರೇ. ಸಲಹೆ ಕೇಳುತ್ತಿದ್ದೇವೋ ತೀರ್ಮಾನ ಮಾಡಿಸುತ್ತಿದ್ದೇವೋ ಅಂತ ಸ್ಪಷ್ಟ ಇಲ್ಲದಿದ್ದರೆ, ಆಮೇಲೆ ‘ನಮ್ಮನ್ನು ಕೇಳಿದ ಹಾಗೆ ಮಾಡಿ ತಮಗೆ ಬೇಕಾದ್ದು ಮಾಡಿದರು’ ಅನ್ನುವ ಮಾತು ಬಂದೇ ಬರುತ್ತದೆ.

ವಾಟ್ಸಾಪ್ ಗುಂಪಿನಲ್ಲಿ ಪೋಲ್ ಹಾಕಬೇಡಿ. ಮೊದಲ ಹತ್ತು ಓಟು ಯಾವ ಕಡೆ ಬಿತ್ತು ಅನ್ನುವುದು ಉಳಿದವರ ಕಣ್ಣಿಗೆ ಕಾಣುತ್ತದೆ, ಆಶ್ ಅವರ ಗೆರೆಗಳ ಕಥೆಯೇ ಮತ್ತೆ. ಗುಂಪಿಗೆ ಹಾಕಬೇಕಾದದ್ದು ಎರಡೇ: ಮೀಟಿಂಗ್‌ಗೆ ಮುಂಚೆ ಆ ಒಂದು ಪುಟದ ಲೆಕ್ಕ, ಮೀಟಿಂಗ್ ಆದ ದಿನವೇ ನಡಾವಳಿ. ನಡಾವಳಿಯಲ್ಲಿ ಯಾರು ಏನಂದರು ಅಂತ ಬರೆಯುತ್ತಾ ಕೂರಬೇಡಿ. ಏನು ತೀರ್ಮಾನ ಆಯಿತು, ಯಾವ ಆಯ್ಕೆಯನ್ನು ಯಾಕೆ ಬಿಟ್ಟೆವು, ಯಾವ ಕೆಲಸ ಯಾರದು, ಯಾವ ತಾರೀಕಿಗೆ ಮತ್ತೆ ಟ್ಯಾಂಕರ್ ರಿಜಿಸ್ಟರ್ ತೆಗೆದು ನೋಡುತ್ತೇವೆ, ಇಷ್ಟಿರಲಿ. ಬಿಟ್ಟ ಆಯ್ಕೆಯ ಕಾರಣ ಬರೆದಿಟ್ಟರೆ ಮುಂದಿನ ವರ್ಷ ಬರುವ ಕಾರ್ಯದರ್ಶಿ ಇದೇ ವಾದವನ್ನು ಮೊದಲಿಂದ ಕೇಳಬೇಕಾಗುವುದಿಲ್ಲ. ಮತ್ತೆ, ‘ಇವತ್ತಿನದಲ್ಲದ ವಿಷಯ’ದ ಹಾಳೆಯನ್ನು ಮಡಚಿ ಇಟ್ಟುಬಿಡಬೇಡಿ. ಪಾರ್ಕಿಂಗ್‌ಗೆ ಒಂದು ದಿನ ಗೊತ್ತು ಮಾಡಿ ಅದೇ ನಡಾವಳಿಯಲ್ಲಿ ತಾರೀಕು ಹಾಕಿ.